ಕೆನಡಾದ ಬಯಲಿಗೆ ಬರುವ 3 ಗ್ರಾಂ ಅತಿಥಿ: ಹಮ್ಮಿಂಗ್‌ಬರ್ಡ್ ಗುರುತಿಸುವುದು ಹೇಗೆ, ಕರೆಯುವುದು ಹೇಗೆ?

ಕಾಸರಗೋಡು, ಮಂಜೇಶ್ವರ ಕಡೆಯ ಮನೆಯಂಗಳದ ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿಯ ವಿಡಿಯೋ ತೆಗೆದು, 'ಮನೆಗೆ ಹಮ್ಮಿಂಗ್‌ಬರ್ಡ್ ಬಂತು' ಅಂತ ಸ್ಟೇಟಸ್ ಹಾಕುವವರಿದ್ದಾರೆ. ಅದು ಹಮ್ಮಿಂಗ್‌ಬರ್ಡ್ ಅಲ್ಲ, ಸೂರಕ್ಕಿ. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜಾತಿಯ ಹಮ್ಮಿಂಗ್‌ಬರ್ಡ್‌ಗಳಿವೆ. ಅವೆಲ್ಲವೂ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಭಾರತದಲ್ಲಿ ಒಂದೂ ಇಲ್ಲ. ಎರಡೂ ಹೂವಿನ ಮಕರಂದ ಕುಡಿದು ಬದುಕುವುದರಿಂದ ಕೊಕ್ಕು, ಗಾತ್ರ, ಹೊಳಪು ಒಂದೇ ತರ ಕಾಣುತ್ತವೆ, ಅಷ್ಟೇ. ಹತ್ತಿರದ ಸಂಬಂಧವೇನೂ ಇಲ್ಲ.

ನಿಜವಾದ ಹಮ್ಮಿಂಗ್‌ಬರ್ಡನ್ನು ಕಣ್ಣಾರೆ ನೋಡುವ ಅವಕಾಶ ಓದಿಗೋ ಕೆಲಸಕ್ಕೋ ಕೆನಡಾಕ್ಕೆ ಹೋದವರಿಗಿದೆ. ಮ್ಯಾನಿಟೋಬ, ಸಸ್ಕಾಚೆವಾನ್, ಆಲ್ಬರ್ಟಾ ಪ್ರಾಂತ್ಯಗಳ ವಿಶಾಲ ಬಯಲನ್ನು ಅಲ್ಲಿ ಪ್ರೈರಿ ಎನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಮುಚ್ಚುವ ಈ ಊರುಗಳಿಗೂ ಬೇಸಿಗೆಯಲ್ಲಿ ಹಮ್ಮಿಂಗ್‌ಬರ್ಡ್ ಬರುತ್ತದೆ. ಅದನ್ನು ಮನೆಗೆ ಕರೆಯುವುದು ಕಷ್ಟವಲ್ಲ. ಆದರೆ ಕರೆದ ಮೇಲೆ ಅದರ ಆರೋಗ್ಯದ ಜವಾಬ್ದಾರಿ ಕರೆದವರ ಮೇಲಿರುತ್ತದೆ.

ಯಾವಾಗ, ಎಲ್ಲಿ ಕಾಣುತ್ತದೆ?

ಪ್ರೈರಿಯಲ್ಲಿ ಹೆಚ್ಚಾಗಿ ಕಾಣುವುದು ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್, ಅಂದರೆ ಮಾಣಿಕ್ಯ ಬಣ್ಣದ ಕತ್ತಿನ ಹಕ್ಕಿ. ತೂಕ ಸುಮಾರು 3 ಗ್ರಾಂ. ನಮ್ಮ ಎರಡು ರೂಪಾಯಿ ನಾಣ್ಯಕ್ಕಿಂತಲೂ ಹಗುರ. ರೆಕ್ಕೆ ಸೆಕೆಂಡಿಗೆ ಸುಮಾರು 50 ಸಲ ಬಡಿಯುತ್ತದೆ. ಕಿವಿಗೆ ಕೇಳುವ 'ಗುಂಯ್' ಸದ್ದು ಅದರದ್ದೇ.

ಚಳಿಗಾಲವನ್ನು ಇದು ಮೆಕ್ಸಿಕೊ, ಮಧ್ಯ ಅಮೆರಿಕದಲ್ಲಿ ಕಳೆಯುತ್ತದೆ. ವಲಸೆಯ ದಾರಿಯಲ್ಲಿ ಅನೇಕ ಹಕ್ಕಿಗಳು ಮೆಕ್ಸಿಕೊ ಕೊಲ್ಲಿಯ ಮೇಲೆ ಸುಮಾರು 800 ಕಿ.ಮೀ. ದೂರವನ್ನು ಎಲ್ಲೂ ಇಳಿಯದೆ ದಾಟುತ್ತವೆ. ಪ್ರೈರಿಗೆ ಬಂದು ಮುಟ್ಟುವುದು ಮೇ ತಿಂಗಳ ಮಧ್ಯದಿಂದ ಕೊನೆಯೊಳಗೆ. ಗಂಡುಗಳು ಜುಲೈ ಕೊನೆ, ಆಗಸ್ಟ್ ಹೊತ್ತಿಗೇ ಹೊರಡುತ್ತವೆ. ಹೆಣ್ಣು, ಮರಿಗಳು ಸೆಪ್ಟೆಂಬರ್‌ವರೆಗೆ ಇರುತ್ತವೆ. ಅಂದರೆ ಇಡೀ ಸಂಸಾರಕ್ಕೆ ಸಿಗುವುದು ನಾಲ್ಕೇ ತಿಂಗಳು.

ಮರವಿಲ್ಲದ ಗೋಧಿ ಬಯಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಆಸ್ಪೆನ್ ಮರಗಳ ತೋಪು, ನದಿ ದಂಡೆ, ಹೂವಿರುವ ಹಿತ್ತಲು, ಕಾಡಿನ ಅಂಚು ನೋಡಬೇಕು.

ಗುರುತಿಸುವುದು ಹೇಗೆ?

ಬೆನ್ನು ಹೊಳೆಯುವ ಹಸಿರು, ಹೊಟ್ಟೆ ಬಿಳಿ. ಗಂಡಿನ ಕತ್ತು ಕೆಂಪು, ಬಾಲ ಕವಲೊಡೆದಿರುತ್ತದೆ. ಆದರೆ ಬೆಳಕು ಸರಿಯಾದ ಕೋನದಲ್ಲಿ ಬೀಳದಿದ್ದರೆ ಆ ಕೆಂಪು ಕಪ್ಪಾಗಿಯೇ ಕಾಣುತ್ತದೆ. ಹೆಣ್ಣಿನ ಕತ್ತು ಬಿಳಿ, ಬಾಲದ ತುದಿಯಲ್ಲೂ ಬಿಳಿ. ಆಗಸ್ಟ್ ಕೊನೆಯಲ್ಲಿ ಕಾಣುವವು ಹೆಚ್ಚಿನವೂ ಹೆಣ್ಣು ಮತ್ತು ಮರಿಗಳು. 'ಕೆಂಪು ಕತ್ತಿಲ್ಲ, ಹಾಗಾಗಿ ಬೇರೆ ಹಕ್ಕಿ' ಎಂದು ತೀರ್ಮಾನಿಸಬಾರದು.

ಇಟ್ಟಿಗೆ ಬಣ್ಣದ ಬೆನ್ನಿನ ಹಕ್ಕಿ ಕಂಡರೆ ಅದು ರೂಫಸ್ ಹಮ್ಮಿಂಗ್‌ಬರ್ಡ್ ಇರಬಹುದು. ಇದು ಪಶ್ಚಿಮದ ಬೆಟ್ಟಗಳ ಹಕ್ಕಿ. ಬೇಸಿಗೆಯ ಕೊನೆಯಲ್ಲಿ ಅಪರೂಪಕ್ಕೆ ಬಯಲಿಗೂ ಬರುತ್ತದೆ.

ಮೋಸ ಮಾಡುವ ಇನ್ನೊಂದು ಜೀವಿ ಹಾಕ್‌ಮಾತ್ ಎಂಬ ದೊಡ್ಡ ಪತಂಗ. ಮುಸ್ಸಂಜೆ ಹೊತ್ತು ಅದೂ ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಹೀರುತ್ತದೆ. ತಲೆಯ ಮೇಲೆ ಎರಡು ಮೀಸೆ ಕಂಡರೆ ಅದು ಹಕ್ಕಿಯಲ್ಲ, ಪತಂಗ.

ಸಕ್ಕರೆ ನೀರಿನ ಲೆಕ್ಕ

ಒಂದು ಕಪ್ ಬಿಳಿ ಸಕ್ಕರೆಗೆ ನಾಲ್ಕು ಕಪ್ ನೀರು. ಕರಗಿಸಿ, ಪೂರ್ತಿ ತಣಿಸಿ ಫೀಡರ್‌ಗೆ ತುಂಬಿಸಬೇಕು. ಇಷ್ಟೇ ಸಾಕು. ಕೆಂಪು ಬಣ್ಣ ಬೆರೆಸುವ ಅಗತ್ಯವೇ ಇಲ್ಲ, ಫೀಡರ್‌ನಲ್ಲಿ ಒಂದಿಷ್ಟು ಕೆಂಪು ಭಾಗ ಇದ್ದರೆ ಹಕ್ಕಿ ತಾನಾಗಿ ಬರುತ್ತದೆ.

ಜೇನು ಹಾಕಿದರೆ ಇನ್ನೂ ಒಳ್ಳೆಯದಲ್ವಾ ಎಂದು ನಮ್ಮವರಿಗೆ ಅನಿಸುವುದು ಸಹಜ. ಜೇನು ನಮಗೆ ಶಿಫಾ ಇರುವ ಆಹಾರ. ಆದರೆ ನೀರಿಗೆ ಬೆರೆಸಿದ ಜೇನು ಬೇಗ ಹುಳಿ ಬಂದು ಬೂಸ್ಟು ಹಿಡಿಯುತ್ತದೆ. ಅದು ಈ ಹಕ್ಕಿಗೆ ಅಪಾಯ. ಬೆಲ್ಲ, ಕಂದು ಸಕ್ಕರೆಯೂ ಬೇಡ. ಅವುಗಳಲ್ಲಿರುವ ಕಬ್ಬಿಣದ ಅಂಶ ಈ ಪುಟ್ಟ ದೇಹಕ್ಕೆ ಹೆಚ್ಚಾಗುತ್ತದೆ.

ಬಿಸಿಲು ಜೋರಿದ್ದರೆ ಎರಡು ದಿನಕ್ಕೊಮ್ಮೆ, ತಂಪಿದ್ದರೆ ವಾರದೊಳಗೆ ನೀರು ಬದಲಿಸಬೇಕು. ಪ್ರತಿ ಸಲ ಬಿಸಿನೀರು ಹಾಕಿ, ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಅದಕ್ಕೆ ಪುರುಸೊತ್ತಿಲ್ಲ ಎನ್ನುವವರು ಫೀಡರ್ ತೂಗುಹಾಕದಿರುವುದೇ ಮೇಲು. ಹುಳಿ ಬಂದ ನೀರಿಗಿಂತ ಖಾಲಿ ಬಾಲ್ಕನಿ ಹಕ್ಕಿಗೆ ಕ್ಷೇಮ.

ಫೀಡರನ್ನು ಮೇ ಎರಡನೇ ವಾರದಲ್ಲೇ ಇಟ್ಟರೆ ಹೂವಿನ್ನೂ ಅರಳದ ಸಮಯದಲ್ಲಿ ಬಂದ ಹಕ್ಕಿಗೆ ಉಪಕಾರ. ಸೆಪ್ಟೆಂಬರ್ ಕೊನೆಯವರೆಗೆ ಇಡಬಹುದು. ಫೀಡರ್ ಇದ್ದರೆ ಹಕ್ಕಿ ವಲಸೆ ಹೋಗದೆ ಚಳಿಗೆ ಸಿಕ್ಕಿಬೀಳುತ್ತದೆ ಎಂಬ ಮಾತು ಸರಿಯಲ್ಲ. ಹಗಲು ಚಿಕ್ಕದಾದಾಗ ಅದು ತಾನಾಗಿ ಹೊರಡುತ್ತದೆ. ಹೊರಡುವ ಮುನ್ನ ಮೈತೂಕ ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳಬೇಕಿರುವುದರಿಂದ ತಡವಾಗಿ ಬಂದ ಮರಿಗೆ ಆ ಸಕ್ಕರೆ ನೀರು ದಾರಿಬುತ್ತಿ.

ಹೂವೇ ಮೊದಲು

ಫೀಡರ್‌ಗಿಂತ ಒಳ್ಳೆಯದು ಗಿಡ. ಬೀ ಬಾಮ್, ಕೊಲಂಬೈನ್, ಹನಿಸಕಲ್ ಪ್ರೈರಿಯ ಚಳಿಗೆ ತಡೆಯುವ ಗಿಡಗಳು. ಬಾಡಿಗೆ ಫ್ಲ್ಯಾಟ್‌ನವರು ಬಾಲ್ಕನಿಯ ಕುಂಡದಲ್ಲಿ ಫ್ಯೂಷಿಯಾ, ಸಾಲ್ವಿಯಾ ಬೆಳೆಸಬಹುದು. ಕೀಟನಾಶಕ ಹೊಡೆಯಬಾರದು. ಹಮ್ಮಿಂಗ್‌ಬರ್ಡ್ ಸಿಹಿ ಮಾತ್ರ ಕುಡಿದು ಬದುಕುವುದಿಲ್ಲ, ಸಣ್ಣ ನೊಣ, ಜೇಡ ಹಿಡಿದು ಮರಿಗಳಿಗೂ ತಿನ್ನಿಸುತ್ತದೆ.

ಅರ್ಧ ಅಕ್ರೋಟು ಚಿಪ್ಪಿನಷ್ಟೇ ದೊಡ್ಡ ಗೂಡನ್ನು ಹೆಣ್ಣು ಒಂದೇ ಕಟ್ಟುತ್ತದೆ. ಜೇಡರ ಬಲೆಯ ನೂಲಿನಿಂದ ಬಿಗಿದು, ಹೊರಗೆ ಕಲ್ಲುಹೂವು ಅಂಟಿಸುತ್ತದೆ. ಒಳಗೆ ಸಾಮಾನ್ಯವಾಗಿ ಎರಡು ಮೊಟ್ಟೆ. ನೋಡಿದರೆ ಕೊಂಬೆಯ ಗಂಟಿನಂತೆಯೇ ಇರುತ್ತದೆ. ಹಾಗಾಗಿ ಜೂನ್, ಜುಲೈಯಲ್ಲಿ ಕೊಂಬೆ ಕಡಿಯುವ ಮೊದಲು ಸರಿಯಾಗಿ ನೋಡಬೇಕು. ವಲಸೆ ಹಕ್ಕಿಯ ಗೂಡು, ಮೊಟ್ಟೆ ಹಾಳು ಮಾಡುವುದು ಕೆನಡಾದಲ್ಲಿ ಕಾನೂನಿನ ಪ್ರಕಾರ ಅಪರಾಧ.

ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಹಕ್ಕಿ ತಿಂದರೂ ಅದು ಅವನ ಪಾಲಿಗೆ ಸದಕ ಎಂಬುದು ಪ್ರವಾದಿ(ಸ)ರ ಬೋಧನೆ. ವಿನ್ನಿಪೆಗ್‌ನ ಬಾಲ್ಕನಿಯ ಕುಂಡಕ್ಕೂ ಮಂಜೇಶ್ವರದ ಅಂಗಳದ ದಾಸವಾಳಕ್ಕೂ ಇದು ಅನ್ವಯ. ಊರಿನ ಸೂರಕ್ಕಿಗೆ ಸಕ್ಕರೆ ನೀರು ಬೇಕಿಲ್ಲ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕುವಾಗ ಆ ದಾಸವಾಳದ ಗಿಡವೊಂದನ್ನು ಉಳಿಸಿದರೆ ಸಾಕು.