ಕಾರು ತೊಳೆಯೋಣ, ಗೀರು ಬೀಳದಂತೆ

ಮಕ್ಕಳೇ, ದೂಳು ಕವಿದ ಕಾರಿನ ಮೇಲೆ ಬೆರಳಿನಿಂದ ಹೆಸರು ಬರೆಯಲು ನಿಮಗೆ ಇಷ್ಟವಲ್ಲವೇ? ಹಾಗೆ ಬರೆಯಬೇಡಿ. ತೊಳೆದರೆ ದೂಳು ಹೋಗುತ್ತದೆ. ಬೆರಳು ಓಡಿದ ಕಡೆ ಗೀರು ಉಳಿಯಬಹುದು.

ಇದಕ್ಕೆ ಕಾರಣವೇನು? ದೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಅವು ಕಾರಿನ ಬಣ್ಣಕ್ಕಿಂತ ಗಟ್ಟಿ. ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಒಣ ಬಟ್ಟೆಯಿಂದ ಉಜ್ಜಿದರೆ ಈ ಕಣಗಳು ಬಣ್ಣವನ್ನು ಗೀರುತ್ತವೆ. ಗೀರು ತಗಡಿನವರೆಗೆ ಇಳಿದರೆ ಅಲ್ಲಿ ತುಕ್ಕು ಹಿಡಿಯಬಹುದು.

ಆದ್ದರಿಂದ ಹಿರಿಯರೊಡನೆ ಕಾರು ತೊಳೆಯುವಾಗ ಹೀಗೆ ಮಾಡಿ. ಕಾರು ನೆರಳಿನಲ್ಲಿರಲಿ, ಬಿಸಿಲಿನಲ್ಲಿ ನೀರು ಬೇಗ ಆರಿ ಕಲೆ ಉಳಿಯುತ್ತದೆ. ಮೊದಲು ತಂಬಿಗೆಯಿಂದ ನೀರು ಸುರಿಯಿರಿ. ದೂಳು, ಕೆಸರು ನೆನೆದು ತಾವಾಗಿ ಇಳಿಯಲಿ. ಅನಂತರ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೆತ್ತನೆಯ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಹೆಚ್ಚು ಒತ್ತದೆ ಒರೆಸಿ. ಪ್ರತಿ ಸಲವೂ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂ ನೀರಿಗೆ ಅದ್ದಿ. ಆಗ ಮರಳು ಆ ಬಕೆಟ್ಟಿನ ತಳದಲ್ಲೇ ಉಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಬನ್ನಿ. ಗಾಲಿಗಳನ್ನು ಕೊನೆಗೆ, ಬೇರೆ ಬಟ್ಟೆಯಿಂದ ತೊಳೆಯಿರಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಹಾಗೆಯೇ ಕಾರಿಗೆ ತಾಗಿಸಬೇಡಿ. ಕಡೆಗೆ ಒಳ್ಳೆಯ ನೀರು ಸುರಿದು, ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ.

ಜತ್ತ, ಅಕ್ಕಲಕೋಟೆಯಂಥ ಮಳೆ ಕಡಿಮೆಯಾದ ಸೀಮೆಯಲ್ಲಿ ಹನಿ ನೀರಿಗೂ ಬೆಲೆಯಿದೆ. ಪೈಪಿನಿಂದ ನೀರು ಹರಿಯಬಿಡಬೇಡಿ. ತಂಬಿಗೆ, ಬಕೆಟ್ಟುಗಳೇ ಸಾಕು. ನಿಮ್ಮ ಸೈಕಲ್ಲನ್ನೂ ಹೀಗೆಯೇ ತೊಳೆಯಬಹುದು.

ಮಾಡಿ ನೋಡಿ: ಬೇಡವಾದ ಎರಡು ಪ್ಲಾಸ್ಟಿಕ್ ಮುಚ್ಚಳಗಳ ಮೇಲೆ ಮರಳು ಉದುರಿಸಿ. ಒಂದನ್ನು ಒಣ ಬಟ್ಟೆಯಿಂದ ಉಜ್ಜಿ. ಇನ್ನೊಂದರ ಮೇಲೆ ನೀರು ಸುರಿಯಿರಿ. ಯಾವುದರಲ್ಲಿ ಗೀರು ಬಿತ್ತು?