ಹೊಲದ ಪಾಲು, ಮನೆಯ ಬಾಳು

ನಮ್ಮ ಹಳ್ಳಿಗಳಲ್ಲಿ ಬಹುಮಂದಿಯ ಜೀವನೋಪಾಯವೆಂದರೆ ಭೂಮಿ, ಭೂಮಿಯಿಲ್ಲದವರಿಗೆ ಕೂಲಿ. ಭೂಮಿಯು ಬೆಳೆಯನ್ನು ಕೊಡುತ್ತದೆಯೇ ಹೊರತು ತಾನು ಬೆಳೆಯುವುದಿಲ್ಲ. ಇಂದಿನ ಕರ್ನಾಟಕದ ಪ್ರದೇಶದಲ್ಲಿ 1951ರಲ್ಲಿ ಸುಮಾರು 1 ಕೋಟಿ 94 ಲಕ್ಷ ಜನರಿದ್ದರು. 2011ರ ಜನಗಣತಿಯ ವೇಳೆಗೆ ಆ ಸಂಖ್ಯೆ 6 ಕೋಟಿ 11 ಲಕ್ಷವಾಗಿತ್ತು. ರಾಜ್ಯದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1970-71ರಲ್ಲಿ ಸುಮಾರು 8 ಎಕರೆಯಿದ್ದುದು 2015-16ರಲ್ಲಿ 3 ಎಕರೆ 14 ಗುಂಟೆಯಷ್ಟಕ್ಕೆ ಇಳಿಯಿತು.

ಇದನ್ನೇ ಒಂದು ಮನೆಯ ಲೆಕ್ಕವಾಗಿ ನೋಡಿರಿ. ಎಂಟು ಎಕರೆಯ ಒಡೆಯನಿಗೆ ನಾಲ್ವರು ಮಕ್ಕಳಾದರೆ ತಲೆಗೆ ಎರಡು ಎಕರೆ. ಅವರಿಗೂ ನಾಲ್ಕು ನಾಲ್ಕು ಮಕ್ಕಳಾದರೆ ಮೊಮ್ಮಗನ ಪಾಲಿಗೆ ಇಪ್ಪತ್ತು ಗುಂಟೆ. ಅಷ್ಟು ಖುಷ್ಕಿಯಲ್ಲಿ ಬೆಳೆದ ರಾಗಿಯಿಂದ ಒಂದು ಸಂಸಾರ ವರ್ಷವಿಡೀ ಬಾಳುವುದು ಕಷ್ಟ. ಹೆಣ್ಣುಮಕ್ಕಳನ್ನು ಈ ಲೆಕ್ಕದಿಂದ ಬಿಡುವಂತಿಲ್ಲ. 2005ರ ತಿದ್ದುಪಡಿಯ ಬಳಿಕ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೂ ಸಮಪಾಲು ಉಂಟು.

ಹಾಗೆಂದು ಹಳ್ಳಿಯ ಬಡತನಕ್ಕೆಲ್ಲ ಹೆಚ್ಚು ಮಕ್ಕಳೇ ಕಾರಣವೆನ್ನುವುದು ಸರಿಯಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ಅವುಗಳ ನಿಜನಾಮವನ್ನು ಮರೆಸಿ ವಂಗಲ, ದಲೇನ ಎಂದು ಕರೆದರು. ಕೃಷ್ಣರಾಜಸಾಗರದ ನಾಲೆಯ ನೀರು ವಂಗಲಕ್ಕೆ ಬಂದಿತು. ಅಲ್ಲಿಯವರು ಕಬ್ಬು, ಭತ್ತ ಬೆಳೆದು ಬೇಸಾಯದಲ್ಲಿಯೇ ಉಳಿದರು. ದಲೇನದ ಭೂಮಿ ನಾಲೆಗಿಂತ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ಆ ಊರಿನವರು ಮಂಡ್ಯದ ಕಾರ್ಖಾನೆಗೂ ಕಚೇರಿಗಳಿಗೂ ಕೆಲಸಕ್ಕೆ ಹೋದರು, ಹಿಟ್ಟಿನ ಗಿರಣಿ ನಡೆಸಿದರು, ಗಾಡಿ ಹೊಡೆದರು, ನೆರೆಯೂರುಗಳಲ್ಲಿ ತರಿ ಜಮೀನು ಕೊಂಡರು. ನೀರಿಲ್ಲದ ಊರೇ ಹೊಸ ಕಸುಬುಗಳನ್ನು ಹುಡುಕಿದ್ದು ಗಮನಾರ್ಹ. 1970ರಲ್ಲಿ ಆಕೆ ಮರಳಿ ಬಂದಾಗ ಎರಡೂ ಊರುಗಳಲ್ಲಿ ಜನ ಹೆಚ್ಚಿದ್ದರು. ನೀರಾವರಿಯಿದ್ದ ಊರಿನಲ್ಲಿಯೂ ತಲೆಗೆ ಬೀಳುವ ಭೂಮಿ ಕಿರಿದಾಗುತ್ತಿತ್ತು.

ಹೊರಗಿನ ಕಸುಬಿಗೆ ಓದು ಬೇಕು. ಬೆಂಗಳೂರಿನ ಗಾಂಧಿನಗರದ ಪಕ್ಕದ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳ್ಳಿಯಿಂದ ಬಂದಿಳಿಯುವ ತರುಣರಲ್ಲಿ ಕಸುಬು ಕಲಿತವನಿಗೂ ಬರಿಗೈಯವನಿಗೂ ದೊರೆಯುವ ಕೂಲಿ ಒಂದೇ ಅಲ್ಲ. ಇಬ್ಬರು ಮಕ್ಕಳನ್ನು ಹತ್ತನೆಯ ತರಗತಿಯಿಂದಾಚೆಗೆ ಓದಿಸಬಲ್ಲ ಮನೆ, ಐವರಿದ್ದರೆ ಹಿರಿಯ ಮಗಳನ್ನೇ ಮೊದಲು ಶಾಲೆ ಬಿಡಿಸುವುದುಂಟು. ಈ ಅರಿವು ಹಳ್ಳಿಗಳಲ್ಲಿ ಈಗಾಗಲೇ ಮೂಡಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು.

ಈಗ ಉಳಿದಿರುವ ಪ್ರಶ್ನೆ ಅಂತರದ್ದು, ಮತ್ತು ಭಾರವನ್ನು ಯಾರು ಹೊರಬೇಕೆಂಬುದು. ಕೂಲಿ ಮಾಡುವ ತಾಯಿಗೆ ತನ್ನ ದೇಹವೇ ಬಂಡವಾಳ. ಒಂದು ಹೆರಿಗೆಯಿಂದ ಚೇತರಿಸಿಕೊಳ್ಳುವ ಮೊದಲೇ ಮತ್ತೆ ಬಸಿರಾದರೆ ರಕ್ತಹೀನತೆ ಹೆಚ್ಚುತ್ತದೆ, ಕೂಲಿ ನಿಲ್ಲುತ್ತದೆ, ಸಾಲ ಬೆಳೆಯುತ್ತದೆ. ಎರಡು ಮಕ್ಕಳ ನಡುವೆ ಮೂರು ವರ್ಷವಾದರೂ ಅಂತರವಿರಲಿ. ಅದಕ್ಕಾಗಿ ನಿರೋಧ್, ನುಂಗುವ ಮಾತ್ರೆ, ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು ಇವೆ. ಯಾವುದು ಹೊಂದುವುದೆಂಬುದನ್ನು ಪತಿಪತ್ನಿಯರಿಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಡನೆ ಮಾತಾಡಿ ನಿರ್ಧರಿಸಬೇಕು.

ಇನ್ನು ಮಕ್ಕಳು ಬೇಡವೆಂದು ತೀರ್ಮಾನಿಸಿದ ಮನೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಹೋಗುವವಳು ಸಾಮಾನ್ಯವಾಗಿ ಹೆಂಡತಿಯೇ. ಗಂಡಸರ ಶಸ್ತ್ರಚಿಕಿತ್ಸೆ ಅದಕ್ಕಿಂತ ಸುಲಭವಾದುದು, ಹೊಟ್ಟೆಯನ್ನು ಕೊಯ್ಯಬೇಕಾಗಿಲ್ಲ. ಎರಡು ದಿನ ವಿಶ್ರಾಂತಿ ಪಡೆದು, ವಾರದ ಬಳಿಕ ನೇಗಿಲು ಹಿಡಿಯಬಹುದು. ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಕುಂದಿಲ್ಲ. ಆದರೆ ಅದರ ಪರಿಣಾಮ ಕೂಡಲೇ ಆಗದು. ಮೂರು ತಿಂಗಳವರೆಗೆ ನಿರೋಧ್ ಬಳಸಿ, ಅನಂತರ ವೀರ್ಯವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು.