ಮೊಹಾವಿಯಲ್ಲಿ ಕಾರೇ ಬಿಡಾರ

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಮೂರು-ನಾಲ್ಕು ಗಂಟೆ ಕಾರು ಓಡಿಸಿದರೆ ಮೊಹಾವಿ ರಾಷ್ಟ್ರೀಯ ರಕ್ಷಿತ ಪ್ರದೇಶ ಸಿಗುತ್ತದೆ. 1994ರಲ್ಲಿ ಘೋಷಣೆಯಾದ ಈ ಪ್ರದೇಶದ ವಿಸ್ತಾರ ಸುಮಾರು 16 ಲಕ್ಷ ಎಕರೆ. ಮರುಭೂಮಿ ಎಂದೊಡನೆ ಒಂಟೆ, ಖರ್ಜೂರದ ಮರ ನೆನಪಾಗುವವರಿಗೆ ಇಲ್ಲಿ ನಿರಾಸೆ. ಕಣ್ಣು ಹಾಯುವವರೆಗೂ ಕುರುಚಲು ಪೊದೆ, ಬೋಳು ಕಲ್ಲುಗುಡ್ಡ, ನಡುನಡುವೆ ಕೈಕಾಲು ಚಾಚಿ ನಿಂತ ಜೋಶುವಾ ಮರಗಳು. ಕೆಲ್ಸೋ ಎಂಬಲ್ಲಿ ಮಾತ್ರ ಇನ್ನೂರು ಮೀಟರ್ ಎತ್ತರದ ಮರಳ ದಿಬ್ಬಗಳಿವೆ. ಒಣಮರಳು ಜಾರಿದಾಗ ಅವು ಗುಂಯ್ ಎಂದು ಮೊರೆಯುತ್ತವೆ.

ಇಲ್ಲಿ ಕಾರಿನಲ್ಲೇ ಮಲಗಿ ರಾತ್ರಿ ಕಳೆಯುವುದನ್ನು ಸೋಮಾರಿಗಳ ಚಾರಣ ಎಂದು ಹೀಗಳೆಯುವವರಿದ್ದಾರೆ. ನನ್ನ ಪ್ರಕಾರ ಇದೊಂದು ಕಸುಬು, ಅದರ ಮುಕ್ಕಾಲು ಪಾಲು ಕಾರನ್ನು ಎಲ್ಲಿ, ಯಾವ ಮುಖವಾಗಿ ನಿಲ್ಲಿಸುತ್ತೀರಿ ಎಂಬುದರಲ್ಲೇ ಮುಗಿಯುತ್ತದೆ. ಮನೆ ಕಟ್ಟುವಾಗ ವಾಸ್ತು ನಂಬದವರೂ ಇಲ್ಲಿ ದಿಕ್ಕು ನೋಡಲೇಬೇಕು.

ಸಂಜೆಗೆ ಒಂದು ಗಂಟೆ ಮೊದಲೇ ಜಾಗ ಹಿಡಿಯಬೇಕು. ಹೊಸ ನೆಲ ತುಳಿಯದೆ, ಮೊದಲೇ ಯಾರೋ ಬಿಡಾರ ಹೂಡಿ ಗಟ್ಟಿಯಾದ ತಾವನ್ನೇ ಆರಿಸಿ. ಒಣಹಳ್ಳದ ಮರಳು ಹಾಸಿಗೆಯಂತೆ ನುಣುಪಾಗಿ ಕರೆಯುತ್ತದೆ, ಅಲ್ಲಿ ಮಾತ್ರ ಬೇಡ. ಎಲ್ಲೋ ದೂರದ ಗುಡ್ಡದ ಮೇಲೆ ಸುರಿದ ಮಳೆ, ನಿಮ್ಮ ತಲೆಯ ಮೇಲೆ ಒಂದು ಹನಿಯೂ ಬೀಳದಿದ್ದರೂ, ಆ ಹಳ್ಳದಲ್ಲಿ ಕಲ್ಲುಮಣ್ಣು ಸಮೇತ ನುಗ್ಗಿಬರುತ್ತದೆ. ಇನ್ನು ಗಾಳಿ. ಒಂದು ಹಿಡಿ ಧೂಳು ತೂರಿದರೆ ಅದರ ದಿಕ್ಕು ತಿಳಿಯುತ್ತದೆ. ಕಾರಿನ ಮೂತಿ ಗಾಳಿಗೆ ಎದುರಾಗಿರಲಿ. ಆಗ ಹಿಂಬಾಗಿಲು ತೆರೆದರೆ ಅದರ ಮರೆಯಲ್ಲಿ ಒಲೆ ಆರದೆ ಉರಿಯುತ್ತದೆ, ಅನ್ನದಲ್ಲಿ ಮರಳು ಬೀಳುವುದಿಲ್ಲ. ಪೂರ್ವಕ್ಕೊಂದು ಗುಡ್ಡವಿದ್ದರಂತೂ ಪುಣ್ಯ, ಬೆಳಗಿನ ಬಿಸಿಲು ಅಷ್ಟು ತಡವಾಗಿ ಬರುತ್ತದೆ.

ನೆಲ ಸಮವಾಗಿದೆಯೇ ಎಂದು ನೋಡಲು ಹಳಬರು ಮಾಡುವುದು ಇಷ್ಟೇ: ಹಿಂದಿನ ಸೀಟು ಮಡಚಿ, ನೀರಿನ ಬಾಟಲಿಯನ್ನು ಅಡ್ಡ ಮಲಗಿಸುತ್ತಾರೆ. ಅದು ಉರುಳಿದ ಕಡೆಯ ಚಕ್ರವನ್ನು ಒಂದು ಚಪ್ಪಟೆ ಹಲಗೆಯ ಮೇಲೆ ಹತ್ತಿಸುತ್ತಾರೆ. ಮತ್ತೆ ಬಾಟಲಿ, ಮತ್ತೆ ಹಲಗೆ. ಬಾಟಲಿ ಅಲುಗದೆ ನಿಂತ ಮೇಲೆಯೇ ಹಾಸಿಗೆ ಬಿಚ್ಚುವುದು. ಪೂರ್ತಿ ಸಮ ಸಿಗದಿದ್ದರೆ ಎತ್ತರದ ಕಡೆ ತಲೆದಿಂಬು. ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿಡಬೇಕು. ಇಲ್ಲದಿದ್ದರೆ ಉಸಿರಿನ ತೇವವೆಲ್ಲ ಗಾಜಿಗೆ ಕಟ್ಟಿ, ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಗಾಳಿಯಲ್ಲಿ ತೇವವಿಲ್ಲದ ಕಾರಣ ಹಗಲಿನ ಕಾವು ಸೂರ್ಯ ಮುಳುಗುತ್ತಲೇ ಆಕಾಶಕ್ಕೆ ಏರಿಹೋಗುತ್ತದೆ. ಹಗಲು ಬನಿಯನ್‌ನಲ್ಲಿದ್ದವರು ರಾತ್ರಿ ಉಣ್ಣೆ ಟೋಪಿ ಹುಡುಕುತ್ತಾರೆ. ಚಳಿಯೆಂದು ಎಂಜಿನ್ ಚಾಲೂ ಇಟ್ಟು ಮಲಗಬೇಡಿ, ಹೊಗೆ ಒಳಸೇರಿದರೆ ಪ್ರಾಣಕ್ಕೇ ಕುತ್ತು. ಇನ್ನೊಂದು ಕಂಬಳಿ ಒಯ್ಯಿರಿ.

ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್, ಅದರ ಮೇಲೊಂದು ದಿನದ್ದು ಹೆಚ್ಚುವರಿ. ಒಂದೇ ದೊಡ್ಡ ಕ್ಯಾನ್ ಬೇಡ, ಒಂದು ಸೋರಿದರೂ ಇನ್ನೊಂದಿರಬೇಕು. ರಕ್ಷಿತ ಪ್ರದೇಶದೊಳಗೆ ಪೆಟ್ರೋಲ್ ಬಂಕ್ ಇಲ್ಲ, ಆದ್ದರಿಂದ ಟ್ಯಾಂಕ್ ತುಂಬಿಸಿಯೇ ಒಳಹೋಗಿ. ಸಡಿಲ ಮರಳಿನ ದಾರಿಯಾದರೆ ಟೈರಿನ ಗಾಳಿಯನ್ನು ಮೂವತ್ತೈದು ಪಿಎಸ್ಐನಿಂದ ಇಪ್ಪತ್ತರ ಆಸುಪಾಸಿಗೆ ಇಳಿಸಬೇಕು. ಟೈರು ಹೊಟ್ಟೆಯೂರಿ ಅಗಲವಾಗಿ ಕೂರುತ್ತದೆ, ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಟಾರು ರಸ್ತೆಗೆ ಮರಳುವ ಮುನ್ನ ಮತ್ತೆ ತುಂಬಲು ಕಾರಿನ ಬ್ಯಾಟರಿಯಿಂದ ಓಡುವ ಸಣ್ಣ ಪಂಪು ಜೊತೆಗಿರಲಿ.

ಊಟದ ವಿಷಯದಲ್ಲಿ ಆ ಕಡೆಯ ಕನ್ನಡಿಗರು ಒಂದು ಕೈ ಮುಂದೆ. ಅಮೆರಿಕದವರು ಐಸ್‌ಪೆಟ್ಟಿಗೆ ತುಂಬ ಮಾಂಸ ಹೊತ್ತು ಅದರ ಕಾವಲು ಕಾಯುವಾಗ, ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಣ ಚಪಾತಿಗಳು ಯಾವ ಐಸನ್ನೂ ಕೇಳುವುದಿಲ್ಲ. ಪಾತ್ರೆ ತೊಳೆಯುವ ನೀರೂ ಉಳಿಯುತ್ತದೆ. ಬೆನ್ನಿಗೆ ಹೊರೆ ಕಟ್ಟಿ ನಡೆಯುವವನಿಗೆ ಸಿಗದ ಭೋಗ ಇಲ್ಲಿದೆ: ಮನೆಯ ದಿಂಬು, ಮಡಚುವ ಕುರ್ಚಿ, ಡಿಕಾಕ್ಷನ್ ಇಳಿಸಲು ಫಿಲ್ಟರು. ದೀಪವೆಲ್ಲ ಆರಿಸಿ ಕಾಲು ಗಂಟೆ ಸುಮ್ಮನೆ ಕುಳಿತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಆಗ ಚಂದ್ರನಿಲ್ಲದ ರಾತ್ರಿಯಲ್ಲಿ ನಕ್ಷತ್ರಗಳನ್ನು ಹುಡುಕಬೇಕಿಲ್ಲ, ಗೊತ್ತಿದ್ದ ರಾಶಿಗಳೇ ಆ ಸಂದಣಿಯಲ್ಲಿ ಕಳೆದುಹೋಗುತ್ತವೆ. ಕುರ್ಚಿಯ ಕಾಲ ಬಳಿ ಕಾಂಗರೂ ಇಲಿ ಕುಪ್ಪಳಿಸಬಹುದು. ಅದು ನೀರನ್ನೇ ಕುಡಿಯದೆ, ತಿಂದ ಬೀಜದಿಂದಲೇ ತೇವ ಪಡೆದು ಬದುಕುವ ಪ್ರಾಣಿ.

ಹೋಗುವುದಾದರೆ ಅಕ್ಟೋಬರ್‌ನಿಂದ ಏಪ್ರಿಲ್ ನಡುವೆ ಹೋಗಿ, ಬೇಸಿಗೆಯ ಹುಚ್ಚು ಸಾಹಸ ಬೇಡ. ಕಸವನ್ನೆಲ್ಲ ಕಟ್ಟಿ ವಾಪಸು ತನ್ನಿ. ಹೊರಡುವಾಗ ಎಂಜಿನ್ ಚಾಲೂ ಮಾಡುವ ಮೊದಲು ಬಗ್ಗಿ ಕಾರಿನಡಿ ನೋಡಿ: ನೆರಳು ಅರಸಿ ಮರುಭೂಮಿಯ ಆಮೆ ಅಲ್ಲಿ ಬಂದು ಕೂತಿರಬಹುದು. ಅದನ್ನು ಕೈಯಿಂದ ಎತ್ತಬೇಡಿ, ಬೆದರಿದರೆ ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡ ನೀರನ್ನೆಲ್ಲ ಬಿಟ್ಟುಬಿಡುತ್ತದೆ, ಮುಂದಿನ ಮಳೆಯ ತನಕ ಅದಕ್ಕೆ ಬೇರೆ ನೀರು ಸಿಗದೆ ಹೋಗಬಹುದು. ಇನ್ನೊಂದು ಲೋಟ ಕಾಫಿ ಮಾಡಿಕೊಂಡು, ಅದು ತಾನಾಗಿ ಹೋಗುವವರೆಗೆ ಕಾಯಿರಿ.